ಒಂದೇ ಕ್ಲಾಸು, ಆರು ಮನೆಮಾತು: ಹೊಸ ಮಗುವಿಗೆ ಶಾಲೆ ತನ್ನದು ಅನ್ನಿಸೋದು ಹೇಗೆ?

ಕಡಲದಂಡೆ ಅಕ್ಕೋರು, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮ. ಆದರೆ ಪುಸ್ತಕದ ಕನ್ನಡವನ್ನು ಮನೆಯಲ್ಲೂ ಕೇಳುವ ಮಕ್ಕಳು ಬೆರಳೆಣಿಕೆ. ಜಾಸ್ತಿ ಇರುವುದು ಕೊಂಕಣಿಯವರು. ಅದರಲ್ಲೂ ಮೀನುಗಾರರ ಖಾರ್ವಿಕೇರಿಯ ಕೊಂಕಣಿಯೇ ಬೇರೆ, ಪೇಟೆ ಕೊಂಕಣಿಯೇ ಬೇರೆ. ಹಾಲಕ್ಕಿ ಮಕ್ಕಳಿದ್ದಾರೆ, ಅವರದು ಅವರದೇ ಕನ್ನಡ. ಉರ್ದು ಮಾತಾಡುವವರಿದ್ದಾರೆ. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ಉಳಿದವರ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ. ಈ ವರ್ಷ ನೌಕಾನೆಲೆಯ ಕಟ್ಟಡ ಕೆಲಸಕ್ಕೆ ಬಂದ ಒಡಿಶಾ ಕುಟುಂಬದ ಹುಡುಗಿಯೊಬ್ಬಳು ಸೇರಿದ್ದಾಳೆ. ಅವಳಿಗೆ ಒಡಿಯಾ ಬರುತ್ತದೆ. ಹಿಂದಿ ಅಷ್ಟಿಷ್ಟು.

ಅವಳು ಇನ್ನೂ ಬಾಯಿ ಬಿಟ್ಟಿಲ್ಲ. ಅಳು ಇಲ್ಲ, ತಂಟೆ ಇಲ್ಲ, ದಿನಾ ಬರುತ್ತಾಳೆ. ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ಇಳಿಸಿಕೊಳ್ಳುತ್ತಾಳೆ. ಆದರೆ ಬರೆದದ್ದರಲ್ಲಿ ಒಂದು ಸಾಲೂ ಅವಳಿಗೆ ಅರ್ಥವಾಗಿರುವುದಿಲ್ಲ. ಬೇರೆ ಮಕ್ಕಳು ಅವಳನ್ನು ಕಾಡುವುದಿಲ್ಲ. ಹಾಗಂತ ಆಟಕ್ಕೆ ಕರೆಯುವುದೂ ಇಲ್ಲ. ಇದೇ ನನಗೆ ಜಾಸ್ತಿ ಸಂಕಟ.

ತರಬೇತಿಯಲ್ಲಿ ವೈವಿಧ್ಯದ ಬಗ್ಗೆ ಚಾರ್ಟ್ ಮಾಡಿಸಿದರು. ಗ್ಯಾದರಿಂಗ್‌ನಲ್ಲಿ ನಾಲ್ಕಾರು ರಾಜ್ಯದ ಉಡುಪು ತೊಡಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದೂ ಗೊತ್ತು. ನಾನು ಕೇಳುತ್ತಿರುವುದು ಅದಲ್ಲ. ಸೋಮವಾರ ಎರಡನೇ ಪಿರಿಯಡ್ಡಿನಲ್ಲಿ ಪರಿಸರ ಅಧ್ಯಯನದ ಪಾಠ ನಡೆಯುವಾಗ ಈ ಮಗುವೂ ಕ್ಲಾಸಿನ ಮಗು ಆಗಲು ಏನು ಮಾಡಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಅಘನಾಶಿನಿ ಮಗ್ಗುಲು, ಕುಮಟಾ

ಅಕ್ಕೋರೇ, ಬಿಸಿಯೂಟದ ಹೊತ್ತಿಗೆ ಅವಳು ಯಾರ ಪಕ್ಕ ಕೂರುತ್ತಾಳೆ ಅಂತ ಮೊದಲು ನೋಡಿ. ಕ್ಲಾಸಿನಲ್ಲಿ ಮಕ್ಕಳು ನಾವು ಕೂರಿಸಿದ ಕಡೆ ಕೂರುತ್ತಾರೆ. ಊಟಕ್ಕೆ ತಾವೇ ಜಾಗ ಹುಡುಕಿಕೊಳ್ಳುತ್ತಾರೆ. ಯಾರು ಯಾರಿಗೆ ಬೇಕು ಅನ್ನೋದು ಅಲ್ಲಿ ಕಾಣುತ್ತದೆ.

ನಿವೃತ್ತ ಮಾಸ್ತರು, ಶಿರಸಿ

ತಂಗಿ, ಮೊದಲು ಒಂದು ಸಮಾಧಾನದ ಮಾತು. ಹೊಸ ಭಾಷೆಯ ನಡುವೆ ಬಂದು ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೆ ಇರುತ್ತದೆ. ಇದು ಎಲ್ಲಾ ದೇಶದಲ್ಲೂ ಕಂಡಿರುವ ಸಂಗತಿ. ಮಗು ಸುಮ್ನೆ ಕೂತಿರುವುದಿಲ್ಲ, ಅದರ ಕಿವಿ ದುಡಿಯುತ್ತಾ ಇರುತ್ತದೆ. ಅದು ದಡ್ಡತನವೂ ಅಲ್ಲ, ಹಟವೂ ಅಲ್ಲ. ಆ ಹೊತ್ತಿನಲ್ಲಿ ಎದ್ದು ನಿಲ್ಲಿಸಿ "ಹೇಳು, ಹೇಳು" ಅಂದರೆ ಇನ್ನಷ್ಟು ಮುದುಡಿಕೊಳ್ಳುತ್ತದೆ.

ಮಾತು ಬೇಡದ ಕೆಲಸ ಕೊಡಿ. ಚಿತ್ರ ಜೋಡಿಸಲಿ, ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲಿ, ತಕ್ಕಡಿ ಹಿಡಿಯಲಿ. ಎಲ್ಲಕ್ಕಿಂತ ಮೊದಲು ಲೆಕ್ಕ. ಬೋರ್ಡಿಗೆ ಕರೆದು ಕೂಡುವ ಲೆಕ್ಕ ಕೊಡಿ. ಮನಸ್ಸಿನಲ್ಲಿ ಒಡಿಯಾದಲ್ಲೇ ಎಣಿಸಿಕೊಳ್ಳಲಿ. ಈ ಹುಡುಗಿಗೆ ಬುದ್ಧಿ ಇದೆ ಅಂತ ಉಳಿದ ಮಕ್ಕಳು ಕಣ್ಣಾರೆ ಕಾಣುವುದು ಅಲ್ಲೇ. ಆಟಕ್ಕೆ ಕರೆಯುವುದು ಅದರ ನಂತರ.

ಇನ್ನೊಂದು. ಆಟದ ಮಾತು ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಭಾಷೆ ಕೈಗೆ ಹತ್ತಲು ಐದರಿಂದ ಏಳು ವರ್ಷ ಬೇಕಾಗಬಹುದು ಅಂತ ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ಹೇಳುತ್ತಾರೆ. ನಮ್ಮ ಶಾಲೆಗಳಲ್ಲಿ ಏನಾಗುತ್ತದೆ? ಮಗು ಅಂಗಳದಲ್ಲಿ ಪಟಪಟ ಕನ್ನಡ ಮಾತಾಡಿದ ಕೂಡಲೇ "ಇನ್ನು ಇದಕ್ಕೆ ಎಲ್ಲಾ ಬರುತ್ತದೆ" ಅಂತ ಕೈ ಬಿಡುತ್ತೇವೆ. ಆರನೇ ಕ್ಲಾಸಿಗೆ ಬಂದಾಗ ಸಮಾಜ ವಿಜ್ಞಾನದಲ್ಲಿ ಹಿಂದೆ ಬೀಳುತ್ತದೆ. ಆಗ ಮಗುವಿನ ಮೇಲೇ ತಪ್ಪು ಹೊರಿಸುತ್ತೇವೆ. ಭಾಷೆ ಬಂತು ಅಂತ ಕಂಡ ಮೇಲೂ ಕೈ ಹಿಡಿದೇ ಇರಬೇಕು.

ಕಡಲದಂಡೆ ಅಕ್ಕೋರು, ಕಾರವಾರ

ಮಾಸ್ತರೇ, ಧನ್ಯವಾದ. ಲೆಕ್ಕದ ವಿಷಯ ನಾಳೆಯೇ ಮಾಡುತ್ತೇನೆ. ಊಟದ ಹೊತ್ತಿಗೆ ನೋಡಿದೆ. ಜಗಲಿಯ ತುದಿಯಲ್ಲಿ ಒಬ್ಬಳೇ. ಅವಳಿಗೂ ಪಕ್ಕದವರಿಗೂ ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ.

ಕಾಡಂಚಿನವ, ಯಲ್ಲಾಪುರ

ನಾನು ಮೇಷ್ಟ್ರಲ್ಲ. ಸಿದ್ದಿ ಹುಡುಗ. ಡಿಪ್ಲೊಮಾ ಮುಗಿಸಿ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಕ್ಲಾಸಿನ ಆಚೆ ಬದಿಯಲ್ಲಿ ಕೂತವನ ಮಾತು ಅಂತ ಓದಿಕೊಳ್ಳಿ.

ಪ್ರೈಮರಿಯಲ್ಲಿ ನನ್ನ ಗುಂಗುರು ಕೂದಲನ್ನು ಎಲ್ಲರೂ ಮುಟ್ಟುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ, ಎಷ್ಟೋ ಜನ ಪ್ರೀತಿಯಿಂದಲೇ. ಆದರೆ ದಿನಾ ಹತ್ತು ಕೈ ತಲೆಯ ಮೇಲೆ ಬಂದರೆ ಯಾವ ಮಗುವಿಗೆ ಸರಿ ಅನ್ನಿಸುತ್ತದೆ? ದೊಡ್ಡವರು ಯಾರೂ "ಸಾಕು" ಅನ್ನಲಿಲ್ಲ. ಆಫ್ರಿಕಾ ಖಂಡದ ಪಾಠ ಬಂದ ದಿನ ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು. ನಾನಾಗ ಯಲ್ಲಾಪುರ ಬಿಟ್ಟು ಆಚೆ ಹೋದವನೇ ಅಲ್ಲ.

ಗ್ಯಾದರಿಂಗ್ ಬಂತು ಅಂದರೆ ಡಮಾಮಿ ಕುಣಿತಕ್ಕೆ ನಾವೇ ಬೇಕು. ರಸಪ್ರಶ್ನೆ ತಂಡಕ್ಕೆ ಹೆಸರು ಬರೆಯುವಾಗ ನಮ್ಮ ನೆನಪು ಯಾರಿಗೂ ಆಗುತ್ತಿರಲಿಲ್ಲ. ಡಮಾಮಿ ನಮಗೆ ಹೆಮ್ಮೆಯೇ. ಆದರೆ ನಿಮಗೆ ಬರುವುದು ಇದೊಂದೇ ಅಂತ ಶಾಲೆಯೇ ತೀರ್ಮಾನ ಮಾಡಿದ ಹಾಗೆ ಆಗುತ್ತಿತ್ತು.

ಹೈಸ್ಕೂಲಿನಲ್ಲಿ ಒಬ್ಬ ಸರ್ ಬಂದರು. ಬೋರ್ಡಿನ ಮೇಲೆ ಉತ್ತರ ಕನ್ನಡ ಜಿಲ್ಲೆಯ ನಕ್ಷೆ ಬಿಡಿಸಿದರು. ನಿಮ್ಮ ನಿಮ್ಮ ಮನೆತನ ಈಗಿನ ಊರಿಗೆ ಎಲ್ಲಿಂದ ಬಂತು, ಅಜ್ಜಿ ಹತ್ತಿರ ಕೇಳಿಕೊಂಡು ಬನ್ನಿ ಅಂದರು. ಒಬ್ಬರಿಗೆ ಇಬ್ಬರಿಗೆ ಅಲ್ಲ, ಎಲ್ಲರಿಗೂ. ನಾವು ತಂದದ್ದಕ್ಕೆ ಅವರು ತಮಗೆ ಗೊತ್ತಿದ್ದದ್ದನ್ನು ಸೇರಿಸಿದರು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದ ಕೊಂಕಣಿ ಮನೆತನಗಳು. ಅರಬ್ ವ್ಯಾಪಾರಿಗಳ ನಂಟು ಹೇಳುವ ಭಟ್ಕಳದ ನವಾಯತರು. ಎಮ್ಮೆ ಹೊಡೆದುಕೊಂಡು ಮಹಾರಾಷ್ಟ್ರದ ಕಡೆಯಿಂದ ಬಂದ ಗೌಳಿಗಳು. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ರಾಮನಗರಕ್ಕೆ ಬಂದವರು. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕಾರವಾರ, ಅಂಕೋಲೆಯವರು. 1966ರಲ್ಲಿ ಮುಂಡಗೋಡಿಗೆ ಬಂದ ಟಿಬೆಟಿಯನ್ನರು. ಆ ಸಾಲಿನಲ್ಲೇ ನಾವು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದ ಜನ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದ್ದು. ನಮ್ಮಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ ಅನ್ನುವುದು ಎಷ್ಟೋ ಮಕ್ಕಳಿಗೆ ಆ ದಿನ ಗೊತ್ತಾಯಿತು.

ನಕ್ಷೆ ತುಂಬಾ ಬಾಣಗಳು. ನನ್ನದೊಂದೇ ಅಲ್ಲ. ಅವತ್ತು ಯಾರೂ ತಿರುಗಿ ನನ್ನ ಕಡೆ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಬಾಣ ಎಲ್ಲಿ ಅಂತ ಹುಡುಕುತ್ತಿದ್ದರು.

ಅಕ್ಕೋರೇ, ನಿಮ್ಮ ಒಡಿಶಾದ ಹುಡುಗಿಯನ್ನು ಎದ್ದು ನಿಲ್ಲಿಸಿ "ಇವಳ ರಾಜ್ಯದ ಬಗ್ಗೆ ತಿಳಿಯೋಣ" ಅಂತ ದಯವಿಟ್ಟು ಮಾಡಬೇಡಿ. ಕೇಳುವುದಾದರೆ ಎಲ್ಲರನ್ನೂ ಕೇಳಿ.

ಕೈಗಾ ಕಡೆಯ ಅಮ್ಮ, ಮಲ್ಲಾಪುರ

ಮೇಲಿನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಾವು ತಮಿಳಿನವರು, ಕೆಲಸದ ಮೇಲೆ ಇಲ್ಲಿಗೆ ಬಂದೆವು. ಕನ್ನಡ ಇಲ್ಲೇ ಕಲಿತದ್ದು. ನನ್ನ ಮಗನ ಹೆಸರು ಉದ್ದ ಅಂತ ಹಿಂದೊಂದು ಶಾಲೆಯಲ್ಲಿ ಅರ್ಧ ಮಾಡಿ ಕರೆಯುತ್ತಿದ್ದರು. ಅವನಿಗೆ ಆ ಅರ್ಧ ಹೆಸರು ಇಷ್ಟವಿರಲಿಲ್ಲ. ಮನೆಯಲ್ಲಿ ಹೇಳುತ್ತಿದ್ದ, ಅಲ್ಲಿ ಹೇಳಲು ಧೈರ್ಯ ಇರಲಿಲ್ಲ. ಹೆಸರನ್ನು ತಂದೆ ತಾಯಿ ಹೇಗೆ ಕರೆಯುತ್ತಾರೋ ಹಾಗೆ ಕೇಳಿಕೊಂಡು ಕರೆಯಿರಿ. ಹಾಜರಿ ತೆಗೆದುಕೊಳ್ಳುವಾಗ ದಿನಾ ಎಲ್ಲರ ಕಿವಿಗೂ ಬೀಳುವ ಮಾತು ಅದು.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಕನ್ನಡ ಸಂದೇಶ ಬಂದರೆ ನನ್ನಂಥವರು ಓದಲಾರದೆ ಬಿಡುತ್ತಿದ್ದೆವು. ಈಗಿನ ಟೀಚರ್ ಧ್ವನಿ ಸಂದೇಶ ಹಾಕುತ್ತಾರೆ. ಕೇಳಿದರೆ ಅರ್ಥವಾಗುತ್ತದೆ. ಓದಲು ಬಾರದ ಇಲ್ಲಿಯ ಅಮ್ಮಂದಿರಿಗೂ ಅದು ಅನುಕೂಲ ಆಗಿದೆ.

ಸುಗ್ಗಿ ಊರಿನ ಹುಡುಗಿ, ಅಂಕೋಲಾ

ಇಲ್ಲಿ ಎಲ್ಲರೂ ಹೊರಗಿನಿಂದ ಬಂದ ಮಕ್ಕಳ ಬಗ್ಗೆ ಮಾತಾಡುತ್ತಿದ್ದೀರಿ. ನಾವು ಹಾಲಕ್ಕಿಗಳು ಇಲ್ಲಿಯವರೇ. ಆದರೂ ಕ್ಲಾಸಿನಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದೆವು.

ನಮ್ಮ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2020ರಲ್ಲಿ ಗಿಡ ಮರ ಬೆಳೆಸಿದ ನಮ್ಮವರೇ ತುಳಸಿ ಗೌಡರ ಹೆಸರು ಅದೇ ಪ್ರಶಸ್ತಿಗೆ ಘೋಷಣೆ ಆಯಿತು. ನಮ್ಮ ಕಡೆ ಎಲ್ಲಿ ನೋಡಿದರೂ ಅಭಿನಂದನೆ, ಭಾಷಣ. ಮನಸ್ಸು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಭಾಷಣ ಮುಗಿದ ಮೇಲೆ ಹಾಲಕ್ಕಿ ಮಗು ಮನೆಮಾತಿನಲ್ಲಿ ಉತ್ತರ ಕೊಟ್ಟರೆ ನಗು. "ಸರಿಯಾಗಿ ಮಾತಾಡು" ಅನ್ನುವ ಮಾತು. ತುಳಸಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಸಸಿ ಮಾಡಬೇಕು ಅನ್ನುವುದೆಲ್ಲ ಅವರಿಗೆ ಗೊತ್ತಿದ್ದದ್ದು ಇದೇ ಮನೆಮಾತಿನಲ್ಲಿ. ಸುಕ್ರಜ್ಜಿಯ ಬಾಯಲ್ಲಿದ್ದ ಅಷ್ಟೂ ಹಾಡು ಇದೇ ಮಾತಿನವು. ವೇದಿಕೆ ಮೇಲೆ ಬೇಕಾದ ಮಾತು ಬೆಂಚಿನ ಮೇಲೆ ಯಾಕೆ ಬೇಡ?

ನಾನೀಗ ಡಿ.ಎಡ್. ಮಾಡುತ್ತಿದ್ದೇನೆ. ಪಾಠದ ಅಭ್ಯಾಸಕ್ಕೆ ಹೋದಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮಗು ಹೇಳುವಾಗ ಮಧ್ಯೆ ತಿದ್ದುವುದಿಲ್ಲ. ಪೂರ್ತಿ ಹೇಳಲಿ. ಉತ್ತರ ಸರಿ ಇದ್ದರೆ ಮೊದಲು ಸರಿ ಅನ್ನುತ್ತೇನೆ. ಆಮೇಲೆ ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಮಗುವಿಗೆ ಎರಡೂ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಾತು ಆಡಿಕೊಂಡು ನಗುವುದನ್ನು ನಾವು ಕಿರುಕುಳ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿಯಬೇಕು.

ಗಡಿ ಊರಿನವ, ಹಳಿಯಾಳ

ಎಲ್ಲರ ಮಾತಿಗೂ ಗೌರವ ಇಟ್ಟುಕೊಂಡೇ ಒಂದು ಆಕ್ಷೇಪ ಹೇಳುತ್ತೇನೆ. ನಮ್ಮದು ಗಡಿ ಭಾಗ. ಇತ್ತ ಮರಾಠಿ, ಅತ್ತ ಕೊಂಕಣಿ, ಎಲ್ಲಾ ಕಡೆ ಹಿಂದಿ, ಇಂಗ್ಲಿಷ್. ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಸೊರಗುತ್ತಿವೆ. ಕನ್ನಡ ಕೇಳಲಿಕ್ಕೆ ಸಿಗುವ ಜಾಗ ಅಂದರೆ ಕನ್ನಡ ಶಾಲೆಯ ಕ್ಲಾಸು. ಅಲ್ಲೂ ಆರು ಭಾಷೆಗೆ ಜಾಗ ಕೊಟ್ಟರೆ ಕನ್ನಡಕ್ಕೆ ಉಳಿಯುವುದು ಎಷ್ಟು? ಮಕ್ಕಳಿಗೆ ನೋವಾಗಬಾರದು, ಒಪ್ಪಿದೆ. ಆದರೆ ಕನ್ನಡ ಗಟ್ಟಿಯಾಗಿ ಕಲಿಯದೆ ಹೋದರೆ ನಾಳೆ ಈ ರಾಜ್ಯದಲ್ಲಿ ಕಷ್ಟ ಪಡುವವರು ಇದೇ ಮಕ್ಕಳು ಅಲ್ವಾ?

ಕನ್ನಡ ಟೀಚರ್, ಭಟ್ಕಳ

ಅಣ್ಣ, ನಿಮ್ಮ ಕಳಕಳಿ ನನ್ನದೂ ಹೌದು. ನನ್ನ ಅನ್ನವೇ ಕನ್ನಡ ಕಲಿಸುವುದರಲ್ಲಿದೆ. ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಉರ್ದು, ಪೇಟೆಗೆ ಬಂದರೆ ಕನ್ನಡ. ಒಂಬತ್ತು ವರ್ಷದ ಮಗು ಮೂರು ಭಾಷೆ ಹೊತ್ತುಕೊಂಡು ಓಡಾಡುತ್ತದೆ. ನಾವು ಅದಕ್ಕೆ "ಕನ್ನಡ ಬಾರದ ಮಗು" ಅಂತ ಹೆಸರಿಟ್ಟುಬಿಡುತ್ತೇವೆ.

ಕನ್ನಡ ಬಿಟ್ಟು ಬೇರೆ ಮಾತೇ ಬೇಡ ಅಂತ ಕಟ್ಟುನಿಟ್ಟು ಮಾಡಿದ ಕ್ಲಾಸುಗಳನ್ನೂ ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಮಕ್ಕಳ ಬಾಯಿಂದ ಬರುವುದು ಎರಡೇ ಶಬ್ದ. ಹೌದು ಮೇಡಂ. ಇಲ್ಲ ಮೇಡಂ. ನನ್ನ ಕ್ಲಾಸಿನಲ್ಲಿ ನಾನು ಮಾಡುವುದು ಇಷ್ಟೇ. ಕಥೆ ಓದಿದ ಮೇಲೆ ನಾಲ್ಕು ನಾಲ್ಕು ಮಕ್ಕಳು ಕೂತು ನವಾಯತಿಯಲ್ಲೇ ಚರ್ಚೆ ಮಾಡಲಿ. ನನಗೆ ಹೇಳುವಾಗ ಮಾತ್ರ ಕನ್ನಡ. ಏನು ಹೇಳಬೇಕು ಅನ್ನುವುದು ಮೊದಲೇ ತಲೆಯಲ್ಲಿ ಕೂತಿರುತ್ತದೆ. ಹುಡುಕಬೇಕಾದದ್ದು ಕನ್ನಡದ ಶಬ್ದ ಮಾತ್ರ. ಆಗ ಒಂದು ಶಬ್ದದ ಜಾಗದಲ್ಲಿ ಮೂರು ನಾಲ್ಕು ವಾಕ್ಯ ಬರುತ್ತದೆ. ತಪ್ಪು ಇರುತ್ತದೆ, ಇರಲಿ. ಬಸ್‌ಸ್ಟ್ಯಾಂಡಿಗೆ ಹೋದಾಗ ಬಸ್ಸಿನ ಬೋರ್ಡು ಓದಿಕೊಂಡು ಬರಲು ಹೇಳುತ್ತೇನೆ. ಹೊನ್ನಾವರ, ಮುರ್ಡೇಶ್ವರ, ಶಿರಸಿ, ಕುಂದಾಪುರ. ಒತ್ತಕ್ಷರದ ಪಾಠ ಅಲ್ಲೇ ಆಗುತ್ತದೆ.

ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು ಅಂತ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ. ಇರಲೇಬೇಕು. ಕಾಯ್ದೆ ಮಗುವನ್ನು ಕ್ಲಾಸಿಗೆ ತಂದು ಕೂರಿಸುತ್ತದೆ. ಬಾಯಿ ತೆರೆಸುವ ಕೆಲಸ ನಮ್ಮದು. ತನ್ನ ಮಾತಿಗೆ ಇಲ್ಲಿ ಬೆಲೆ ಇದೆ ಅಂತ ಗೊತ್ತಾದ ಮಗು ನಮ್ಮ ಮಾತನ್ನು ಬೇಗ ಎತ್ತಿಕೊಳ್ಳುತ್ತದೆ. ಇದನ್ನು ನಾನು ದಿನಾ ನೋಡುತ್ತಿದ್ದೇನೆ.

ಗಡಿ ಊರಿನವ, ಹಳಿಯಾಳ

ಮೇಡಂ, ಚರ್ಚೆ ಮನೆಮಾತಿನಲ್ಲಿ, ಹೇಳುವುದು ಕನ್ನಡದಲ್ಲಿ. ಈ ಕ್ರಮ ನನಗೆ ಒಪ್ಪಿಗೆಯಾಯಿತು. ನನ್ನ ಮನೆ ಪಕ್ಕದ ಗೌಳಿವ್ಯಾಡದ ಮಕ್ಕಳು ಮೂರನೇ ಕ್ಲಾಸು ದಾಟುವುದರೊಳಗೆ ಶಾಲೆ ಬಿಡುವುದನ್ನು ಕಂಡಿದ್ದೇನೆ. ಎಮ್ಮೆ ಮೇಯಿಸಲು ಬಿಡಿಸಿದರು ಅಂತ ಎಲ್ಲರೂ ಹೇಳುತ್ತಾರೆ. ಕ್ಲಾಸಿನಲ್ಲಿ ಏನೂ ತಿಳಿಯದೆ ಬಿಟ್ಟರೋ ಏನೋ ಅಂತ ಈಗ ಅನ್ನಿಸುತ್ತಿದೆ. ಆದರೆ ಒಂದು ಮಾತು ಉಳಿದೇ ಇದೆ. ಪರೀಕ್ಷೆ ಪೂರ್ತಿ ಪುಸ್ತಕದ ಕನ್ನಡದಲ್ಲೇ ಇರುತ್ತದೆ. ಅದಕ್ಕೆ ಏನು ಮಾಡುತ್ತೀರಿ?

ಕನ್ನಡ ಟೀಚರ್, ಭಟ್ಕಳ

ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ಅಣ್ಣ. ಕೆಳಗಿನ ಕ್ಲಾಸಿನಲ್ಲಿ ಬಾಯಿಂದ ಹೇಳಿಸಿ ಅಂಕ ಕೊಡಲು ನಮಗೆ ಅವಕಾಶ ಇದೆ, ಅದನ್ನು ಪೂರ್ತಿ ಬಳಸುತ್ತೇನೆ. ಮೇಲಿನ ಕ್ಲಾಸಿನ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ.

ನಿವೃತ್ತ ಮಾಸ್ತರು, ಶಿರಸಿ

ಸೋಮವಾರದ ಪಿರಿಯಡ್ಡಿನಲ್ಲಿ ಏನು ಮಾಡಲಿ ಅಂತ ತಂಗಿ ಕೇಳಿದ್ದಳು. ನಾನು ಘಟ್ಟದ ಮೇಲಿನ ಶಾಲೆಗಳಲ್ಲಿ ಮಾಡಿಸಿದ ಒಂದು ಕ್ರಮ ಹೇಳುತ್ತೇನೆ. ಇದು ನನ್ನ ಸ್ವಂತದ್ದಲ್ಲ. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಿನಲ್ಲಿ ಹುಟ್ಟಿದ್ದು. ಅಲ್ಲಿ ಕರಿಯರ, ಬಿಳಿಯರ, ಮೆಕ್ಸಿಕೋ ಮೂಲದವರ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ ಹೊತ್ತು. ಕ್ಲಾಸಿನಲ್ಲಿ ಜಗಳ, ಹೊಡೆದಾಟ. ಎಲಿಯಟ್ ಆರನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರನ್ನು ಕರೆಸಿದರು. ಅವರು ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬ ಮಗುವಿನ ಕೈಗೆ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ಬೇಕು ಅಂದರೆ ಪಕ್ಕದವನ ಮಾತು ಕೇಳಲೇಬೇಕು. ಅಣಕಿಸುತ್ತಾ ಕೂತರೆ ತಮಗೇ ನಷ್ಟ. ಅಣಕ ಕಡಿಮೆಯಾಯಿತು.

ನಮ್ಮಲ್ಲಿ ನಾನು 'ನೀರು' ಪಾಠಕ್ಕೆ ಹೀಗೆ ಮಾಡಿಸಿದೆ. ಪುಸ್ತಕ ಮುಚ್ಚಿಸಿ ನಾಲ್ಕು ಮಕ್ಕಳ ಗುಂಪು ಮಾಡಿದೆ. ನಿಮ್ಮ ಮನೆಗೆ ನೀರು ಎಲ್ಲಿಂದ, ಹೇಗೆ ಬರುತ್ತದೆ ಅಂತ ಚಿತ್ರ ಬಿಡಿಸಿ ಅಂದೆ. ಹವ್ಯಕರ ಹುಡುಗ ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ನೀರು ಹರಿದು ಮನೆ ಹಿಂದೆ ಬೀಳುವುದನ್ನು ಬಿಡಿಸಿದ. ಗೌಳಿ ಹುಡುಗಿ ಕೆರೆ ಬಿಡಿಸಿದಳು. ಎಮ್ಮೆ ಇಳಿಯುವ ಮಗ್ಗುಲು ಬೇರೆ, ಕುಡಿಯಲು ತುಂಬುವ ಮಗ್ಗುಲು ಬೇರೆ ಅಂತ ಗೆರೆ ಎಳೆದು ತೋರಿಸಿದಳು. ಸಿದ್ದಿ ಹುಡುಗ ಹಳ್ಳದ ಮರಳಿನಲ್ಲಿ ತೋಡಿದ ಒರತೆ. ಬಯಲುಸೀಮೆಯಿಂದ ಬಂದ ಮಗು ಟ್ಯಾಂಕರ್ ಮತ್ತು ಕೊಡಗಳ ಸಾಲು. ಟ್ಯಾಂಕರ್ ಚಿತ್ರ ನೋಡಿ ನಮ್ಮ ಮಲೆನಾಡ ಮಕ್ಕಳು ದಂಗಾದರು. ನೀರಿಗೆ ದುಡ್ಡು ಕೊಡುತ್ತಾರಾ, ಸರತಿ ತಪ್ಪಿದರೆ ಏನು ಮಾಡುತ್ತಾರೆ ಅಂತ ಆ ಮಗುವಿಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಅರ್ಧಂಬರ್ಧ ಮಾತಿನಲ್ಲಿ, ಕೈಸನ್ನೆಯಲ್ಲಿ ಅದು ಉತ್ತರ ಕೊಡುತ್ತಾ ಹೋಯಿತು. ಆಮೇಲೆ ಪುಸ್ತಕ ತೆಗೆಸಿದೆ. ಪುಸ್ತಕದಲ್ಲಿದ್ದ ನೀರಿನ ಮೂಲಗಳು ಬಹುಪಾಲು ಬೋರ್ಡಿನ ಮೇಲೆ ಆಗಲೇ ಬಂದಿದ್ದವು.

ಎರಡು ಎಚ್ಚರಿಕೆ. ಮಾತಿನಲ್ಲಿ ಚುರುಕಾದ ಮಗು ಬೇರೆಯವರ ತುಂಡನ್ನೂ ತಾನೇ ಹೇಳಲು ಹೋಗುತ್ತದೆ, ತಡೆಯಬೇಕು. ಒಂದು ದಿನ ಮಾಡಿ ಬಿಟ್ಟರೆ ಪ್ರಯೋಜನ ಇಲ್ಲ. ವಾರಕ್ಕೊಂದಾದರೂ ಪಾಠ ಹೀಗೆ ನಡೆಯಬೇಕು.

ಎಸ್‌ಡಿಎಂಸಿ ಅಮ್ಮ, ಸಿದ್ದಾಪುರ

ಊಟದ ಮಾತು ಅರ್ಧಕ್ಕೇ ನಿಂತಿದೆ. ಅದನ್ನು ಬಿಡಬೇಡಿ. ನಮ್ಮ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರುವಾದಾಗ, 2022ರಲ್ಲಿ, ತಾನಾಗಿಯೇ ಎರಡು ಸಾಲು ಆಯಿತು. ಮೊಟ್ಟೆ ತಿನ್ನುವವರು ಒಂದು ಕಡೆ, ಬಾಳೆಹಣ್ಣು, ಚಿಕ್ಕಿಯವರು ಇನ್ನೊಂದು ಕಡೆ. ಬಡಿಸಲು ಅನುಕೂಲ ಅಂತ ಹಾಗೆ ಕೂರಿಸಿದ್ದು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಸ್ವಲ್ಪ ದಿನದಲ್ಲೇ ಆ ಎರಡು ಸಾಲು ಜಾತಿಯ ಸಾಲಾಗಿ ಕಾಣತೊಡಗಿತು. ಆಟದಲ್ಲೂ ಅದೇ ಗುಂಪು.

ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಸಭೆಯಲ್ಲಿ ಮಾತಾಡಿದೆವು. ಈಗ ಕ್ಲಾಸಿನ ಪ್ರಕಾರ ಕೂರುತ್ತಾರೆ. ಮೊಟ್ಟೆಯ ಪಾತ್ರೆ, ಬಾಳೆಹಣ್ಣಿನ ಬುಟ್ಟಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳುತ್ತಾರೆ. ತಿನ್ನದ ಮಗುವಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ಅವರ ಮನೆಯ ನೇಮವನ್ನೂ ಗೌರವಿಸಬೇಕಲ್ಲ. ಒಬ್ಬಿಬ್ಬರು ಪೋಷಕರಿಗೆ ಸಿಟ್ಟು ಬಂತು, ಮನೆಗೆ ಹೋಗಿ ಕೂತು ಮಾತಾಡಿ ಬಂದೆವು. ಈಗ ಎಷ್ಟೋ ಕಡೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಾರೆ. ಎರಡು ಸಾಲು ಹಾಗೇ ಇದ್ದಿದ್ದರೆ ಅದು ದಿನಾ ನಡೆಯುವ ಪಾಠ ಆಗುತ್ತಿತ್ತು. ಅದೂ ಬೇಡದ ಪಾಠ.

ಕರಾವಳಿಯಲ್ಲಿ ಒಣಮೀನಿನ ವಾಸನೆ ಅಂತ ಮಕ್ಕಳ ಚೀಲ, ಬಟ್ಟೆ ಬಗ್ಗೆ ಮೂಗು ಮುರಿಯುತ್ತಾರೆ ಅಂತ ಕೇಳಿದ್ದೇನೆ. ಮಕ್ಕಳು ಹಾಗೆ ಅಂದರೆ ದೊಡ್ಡವರು ಅಲ್ಲೇ ನಿಲ್ಲಿಸಬೇಕು.

ಕಡಲದಂಡೆ ಅಕ್ಕೋರು, ಕಾರವಾರ

ದಸರಾ ರಜೆಗೆ ಮೊದಲು ಇಲ್ಲಿಗೆ ಬರೆಯಬೇಕು ಅಂತ ಇತ್ತು, ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಲೆಕ್ಕಕ್ಕೆ ಬೋರ್ಡಿಗೆ ಕರೆದೆ. ಮೂರಂಕಿಯ ಕೂಡುವ ಲೆಕ್ಕ. ಸರಸರ ಮಾಡಿದಳು. ಆದರೆ ಉತ್ತರವನ್ನು ಒಡಿಯಾ ಅಂಕಿಯಲ್ಲಿ ಬರೆದಳು. ಹಿಂದಿನಿಂದ ಕಿಸಕ್ಕನೆ ನಗು ಬಂತು. ನಾನು ಅದರ ಪಕ್ಕದಲ್ಲೇ ಕನ್ನಡ ಅಂಕಿಯಲ್ಲಿ ಅದೇ ಉತ್ತರ ಬರೆದೆ. ಅದರ ಪಕ್ಕ ಇಂಗ್ಲಿಷ್ ಅಂಕಿ. ಉರ್ದು ಮಾತಾಡುವ ಹುಡುಗ ಎದ್ದು, "ಅಕ್ಕೋರೇ, ನಾನೂ ಬರೀತೇನೆ" ಅಂದ. ಅರೇಬಿಕ್ ಓದಲು ಹೋಗುವಲ್ಲಿ ಅವನು ಆ ಅಂಕಿ ಕಲಿತಿದ್ದ. ಬೋರ್ಡಿನ ಮೇಲೆ ಒಂದೇ ಉತ್ತರ ನಾಲ್ಕು ಬಗೆಯಲ್ಲಿ. ಬಿಡುವಿನಲ್ಲಿ ನಾಲ್ಕೈದು ಮಕ್ಕಳು ಅವಳ ಸುತ್ತ ನಿಂತು ತಮ್ಮ ವಯಸ್ಸು, ಮನೆಯ ಫೋನ್ ನಂಬರ್ ಎಲ್ಲಾ ಒಡಿಯಾ ಅಂಕಿಯಲ್ಲಿ ಬರೆಸಿಕೊಳ್ಳುತ್ತಿದ್ದರು. ಅವಳು ನಗುತ್ತಿದ್ದಳು.

ಮಾಸ್ತರು ಹೇಳಿದ ಹಾಗೆ ತುಂಡು ಪಾಠ ಮಾಡಿಸಿದೆ. ಆಹಾರದ ಪಾಠಕ್ಕೆ 'ಕೆಡದ ಹಾಗೆ ಹೇಗೆ ಇಡುತ್ತಾರೆ' ಅಂತ ವಿಷಯ. ಖಾರ್ವಿ ಹುಡುಗ ಬಂಗಡೆ ಸೀಳಿ ಉಪ್ಪು ಹಾಕಿ ಒಣಗಿಸುವುದನ್ನು ಹೇಳಿದ. ಮಳೆಗಾಲದಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, ಆಗ ಇದೇ ಆಧಾರ ಅಂತ ಲೆಕ್ಕ ಸಮೇತ ವಿವರಿಸಿದ. ಹಾಲಕ್ಕಿ ಹುಡುಗಿ ಸೌತೆಕಾಯಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕುವುದನ್ನು ಹೇಳಿದಳು. ಲಂಬಾಣಿ ಹುಡುಗಿ ವಾರಗಟ್ಟಲೆ ಇರುವ ಕಟಕ ರೊಟ್ಟಿ ತಂದೇ ತೋರಿಸಿದಳು. ನಮ್ಮ ಒಡಿಶಾದ ಹುಡುಗಿ ಅನ್ನಕ್ಕೆ ನೀರು ಹಾಕಿ ಇಡುವ ಪಖಾಳದ ಚಿತ್ರ ಬಿಡಿಸಿದಳು. ಅದನ್ನು ನೋಡಿ ಕ್ಲಾಸೆಲ್ಲಾ "ಇದು ನಮ್ಮನೇಲೂ ಉಂಟು" ಅಂತ ಕೂಗಿತು. ತಂಗಳನ್ನ ಯಾರ ಮನೆಯಲ್ಲಿ ಇಲ್ಲ ಹೇಳಿ. ಅವತ್ತು ಅವಳು "ನಮ್ಮನೇಲಿ" ಅಂತ ಶುರು ಮಾಡಿ ಎರಡು ಶಬ್ದ ಕನ್ನಡದಲ್ಲಿ ಹೇಳಿದಳು. ನನ್ನ ಕಣ್ಣು ತುಂಬಿತು.

ಉಪಯೋಗಕ್ಕೆ ಬಾರದ್ದೂ ಇದೆ. ಗೋಡೆಗೆ ಆರು ಭಾಷೆಯ ಶಬ್ದಗಳ ಚಾರ್ಟ್ ಅಂಟಿಸಿದ್ದೆ, ಯಾರೂ ತಿರುಗಿ ನೋಡುವುದಿಲ್ಲ. ಒಬ್ಬ ಚುರುಕು ಹುಡುಗಿಯನ್ನು ಅವಳ ಜೊತೆಗೆ ಅಂತ ಕೂರಿಸಿದ್ದೆ. ಆಕೆ ಎಲ್ಲವನ್ನೂ ಇವಳ ಪರವಾಗಿ ತಾನೇ ಮಾಡಿಕೊಡುತ್ತಿದ್ದಳು. ಅದನ್ನು ಬದಲಿಸಿ ಲಂಬಾಣಿ ಹುಡುಗಿಯ ಪಕ್ಕ ಕೂರಿಸಿದೆ. ಇಬ್ಬರೂ ಹರಕು ಮುರುಕು ಹಿಂದಿ ಮಾತಾಡುತ್ತಾರೆ, ಒಬ್ಬರ ಸಹಾಯ ಇನ್ನೊಬ್ಬರಿಗೆ ಬೇಕು. ಅದು ಸರಿಯಾಗಿ ಕೂತಿದೆ. ಊಟಕ್ಕೂ ಜೊತೆಗೇ.

ಈಗ ಹೊಸ ಚಿಂತೆ. ಅವಳ ಅಪ್ಪನ ಕಾಂಟ್ರಾಕ್ಟ್ ದೀಪಾವಳಿ ಹೊತ್ತಿಗೆ ಮುಗಿಯುತ್ತದಂತೆ. ಗೋವಾಕ್ಕೆ ಹೋಗಬಹುದು, ಇನ್ನೂ ಖಚಿತ ಇಲ್ಲ. ವರ್ಷದ ಮಧ್ಯೆ ಇನ್ನೊಂದು ಶಾಲೆ, ಇನ್ನೊಂದು ಭಾಷೆ. ನಾನು ಇಲ್ಲಿಂದ ಏನು ಮಾಡಿಕೊಡಬಹುದು?

ಮುಖ್ಯ ಶಿಕ್ಷಕ, ಮುಂಡಗೋಡ

ಮೇಡಂ, ಇಂಥ ಮಕ್ಕಳನ್ನು ನಾವು ವರ್ಷವೂ ಕಳಿಸುತ್ತೇವೆ, ವರ್ಷವೂ ಸೇರಿಸಿಕೊಳ್ಳುತ್ತೇವೆ. ಕಾಗದದ ಕಡೆಯಿಂದ ಹೆದರಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಇಡೀ ದೇಶಕ್ಕೆ ಅನ್ವಯ. ಅದರ 5ನೇ ಕಲಂ ಪ್ರಕಾರ ಮಗು ಬೇರೆ ಶಾಲೆಗೆ ಹೋಗುತ್ತದೆ ಅಂದರೆ ಟಿ.ಸಿ.ಯನ್ನು ತಕ್ಷಣ ಕೊಡಬೇಕು, ರಾಜ್ಯ ಬೇರೆಯಾದರೂ ಸರಿ. ಟಿ.ಸಿ. ತಡವಾಯಿತು ಅಂತ ಅಲ್ಲಿಯ ಶಾಲೆ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಪ್ರವೇಶ ನಿರಾಕರಿಸುವ ಹಾಗಿಲ್ಲ, ಅದು 14ನೇ ಕಲಂ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು, 15ನೇ ಕಲಂ. ಆಧಾರ್ ಕಾರ್ಡ್ ಶಾಲೆ ಪ್ರವೇಶಕ್ಕೆ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇದನ್ನು ಅವಳ ಅಪ್ಪ ಅಮ್ಮನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿ. ಅವರನ್ನು ಗೇಟಿನಲ್ಲೇ ತಿರುಗಿಸಿ ಕಳಿಸುವುದು ಸುಲಭ, ಯಾಕೆಂದರೆ ಕೇಳುವ ಧೈರ್ಯ ಇರುವುದಿಲ್ಲ.

ಕಾಯ್ದೆಯಲ್ಲಿ ಇಲ್ಲದ ಒಂದು ಕೆಲಸವನ್ನೂ ಮಾಡಿ. ಟಿ.ಸಿ.ಯಲ್ಲಿ ಹೆಸರು, ಜನ್ಮದಿನಾಂಕ, ತರಗತಿ ಇರುತ್ತದೆ. ಮಗು ಎಂಥದ್ದು ಅಂತ ಇರುವುದಿಲ್ಲ. ನಾನು ಒಂದು ಪುಟದ ಚೀಟಿ ಬರೆದು ಟಿ.ಸಿ.ಗೆ ಪಿನ್ ಮಾಡಿ ಕೊಡುತ್ತೇನೆ. ಹೆಸರನ್ನು ಹೇಗೆ ಕರೆಯಬೇಕು. ಮನೆಮಾತು ಯಾವುದು, ಇನ್ಯಾವ ಭಾಷೆ ಎಷ್ಟು ಬರುತ್ತದೆ. ಲೆಕ್ಕದಲ್ಲಿ ಎಲ್ಲಿಯವರೆಗೆ ಬಂದಿದೆ. ಏನು ಮಾಡಿದರೆ ಮಾತಾಡುತ್ತದೆ. ನಿಮ್ಮ ಹುಡುಗಿಯ ಚೀಟಿಯಲ್ಲಿ ಅಂಕಿಯ ವಿಷಯ, ಒಬ್ಬಳು ಗೆಳತಿಯ ಪಕ್ಕ ಕೂರಿಸಿದರೆ ಒಳ್ಳೆಯದು ಅನ್ನುವುದು, ಎದ್ದು ನಿಲ್ಲಿಸಿ ಕೇಳಬೇಡಿ ಅನ್ನುವುದು ಇರಲಿ. ಹಳೆಯ ನೋಟ್‌ಬುಕ್ ಕೂಡ ಜೊತೆಗೆ ಕಳಿಸಿ.

ಆ ಚೀಟಿ ಕನ್ನಡದಲ್ಲಿ ಬೇಡ. ಗೋವಾದ ಶಾಲೆಯಲ್ಲಿ ಓದುವವರು ಸಿಗಲಿಕ್ಕಿಲ್ಲ. ಇಂಗ್ಲಿಷಿನಲ್ಲೊಂದು, ಹಿಂದಿಯಲ್ಲೊಂದು ಬರೆದು ಕೆಳಗೆ ನಿಮ್ಮ ಶಾಲೆಯ ಫೋನ್ ನಂಬರ್ ಹಾಕಿ. ನಾನು ಹಾಗೆ ಕಳಿಸಿದ ಚೀಟಿ ನೋಡಿ ಬೆಳಗಾವಿ ಕಡೆಯ ಒಬ್ಬ ಟೀಚರ್ ನನಗೆ ಫೋನ್ ಮಾಡಿ, ಹದಿನೈದು ನಿಮಿಷ ಒಂದೇ ಮಗುವಿನ ಬಗ್ಗೆ ಮಾತಾಡಿದರು. ಕಾಂಟ್ರಾಕ್ಟ್ ಮುಗಿಯುವ ವಾರ ಇವರಿಗೆ ಪುರುಸೊತ್ತು ಇರುವುದಿಲ್ಲ, ರಾತ್ರೋರಾತ್ರಿ ಹೊರಡುತ್ತಾರೆ. ಈಗಲೇ ಬರೆದು ಅವಳ ಚೀಲದಲ್ಲಿ ಇಟ್ಟುಬಿಡಿ.